ಒಲೆಗುಂಡಿನ ಒಂದು ಚೂರು

ಬೆಳಿಗ್ಗೆ ಐದೂವರೆ. ಶನಿವಾರ. ಕುಲುಮೆಯ ಮುಂದೆ ನಿಂತ ಬಚ್ಚಪ್ಪ ಉಕ್ಕಿನ ಸಲಾಕೆಯೊಂದನ್ನು ಇಕ್ಕಳದಲ್ಲಿ ಹಿಡಿದು ಕೆಂಡದಿಂದ ಎತ್ತುತ್ತಾರೆ. ಅಡಿಗಲ್ಲಿನ ಮೇಲಿಟ್ಟು ಎಡಕ್ಕೆ ನಾಲ್ಕು ಏಟು, ಬಲಕ್ಕೆ ನಾಲ್ಕು ಏಟು, ತಿರುಗಿಸಿ ಮತ್ತೆರಡು. ಮೊಂಡಾಗಿದ್ದ ತುದಿ ಚೂಪಾಯಿತು. ಇನ್ನು ಉಳಿದಿರುವುದು ಹದ. ತುದಿಯನ್ನು ಒಂದು ಬೆರಳಿನಷ್ಟು ನೀರಿಗೆ ಅದ್ದಿ ತೆಗೆದು, ಉಕ್ಕಿನ ಮೇಲೆ ಬಣ್ಣ ಮರಳುವುದನ್ನು ಕಾಯುತ್ತಾರೆ. ಒಣಹುಲ್ಲಿನ ಬಣ್ಣ ಬಂದ ಗಳಿಗೆಗೆ ಸರಿಯಾಗಿ ಪೂರ್ತಿ ಮುಳುಗಿಸಬೇಕು. ಒಂದು ಉಸಿರು ಮೊದಲಾದರೆ ಕೆಳಗೆ ಗಣಿಯಲ್ಲಿ ಬಂಡೆಗೆ ತಗಲಿದೊಡನೆ ಸಲಾಕೆ ಚಟಕ್ಕನೆ ಮುರಿಯುತ್ತದೆ, ಒಂದು ಉಸಿರು ತಡವಾದರೆ ಬಾಯಿ ಮಡಚಿಕೊಳ್ಳುತ್ತದೆ.

ಇವತ್ತು ಎರಡು ಸಲ ತಡವಾಗಿದೆ. ತಿದಿ ಒತ್ತುವ ಆಳು ನೋಡಿಯೂ ನೋಡದವನಂತೆ ಮುಖ ತಿರುಗಿಸುತ್ತಾನೆ. ಬಚ್ಚಪ್ಪ ಆ ಎರಡು ಸಲಾಕೆಗಳನ್ನು ಪಕ್ಕಕ್ಕಿಟ್ಟು ಹೆಗಲ ಮೇಲಿನ ಬಟ್ಟೆಯಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಮೂವತ್ತೊಂದು ವರ್ಸದಲ್ಲಿ ಇಂಗಾಗಿರ್ಲಿಲ್ಲ ಸಾಮಿ. ಕೈ ಇಲ್ಲೈತೆ, ಮನಸ್ಸು ಅಸ್ಸೇ ಆಫೀಸಲ್ಲೈತೆ" ಎಂದು ನನಗೆ ಹೇಳುತ್ತಾರೆ.

ಅಸ್ಸೇ ಆಫೀಸು ಎಂದರೆ ಕಲ್ಲನ್ನು ಪುಡಿಮಾಡಿ, ಮೂಸೆಯಲ್ಲಿ ಕಾಸಿ, ಅದರಲ್ಲಿ ಚಿನ್ನ ಎಷ್ಟಿದೆ ಎಂದು ಅಳೆಯುವ ಮನೆ. ಕುಲುಮೆಯ ಬಾಗಿಲಲ್ಲಿ ನಿಂತರೆ ಅದರ ಹೊಗೆಕೊಳವಿ ಕಾಣುತ್ತದೆ. ಐದು ದಿನದಿಂದ ಅಲ್ಲಿ ಬಚ್ಚಪ್ಪನವರ ಮನೆಯ ಒಲೆಗುಂಡಿನ, ಅಂದರೆ ಅಡಿಗೆಯ ಮಡಕೆ ಹೊರುವ ಕಲ್ಲಿನ, ಒಂದು ಚೂರು ಇದೆ. ಹೆಬ್ಬೆರಳಿನಷ್ಟು ದೊಡ್ಡದು. ಸೋಮವಾರ ಹತ್ತು ಗಂಟೆಗೆ ಅದರ ಫಲಿತಾಂಶ ಹೇಳುತ್ತಾರೆ. ಚೂರಿನಲ್ಲಿ ಚಿನ್ನದ ಅಂಶ ಸಾಸಿವೆಯಷ್ಟು ಕಂಡರೂ ಇವರು ಕಳ್ಳರು. ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ಕೊಟ್ಟ ಲೈನಿನ ಸಾಲುಮನೆ ಹೋಗುತ್ತದೆ, ಜೈಲಾದರೂ ಆಶ್ಚರ್ಯವಿಲ್ಲ.

ನಿಜ ಹೇಳಬೇಕೆಂದರೆ ನಾನು ಬೆಂಗಳೂರಿನಿಂದ ಬಂದದ್ದು ಇದನ್ನು ಬರೆಯಲು ಅಲ್ಲ. ಚಿನ್ನದ ಗಣಿಯ ಕಮ್ಮಾರನೊಬ್ಬ ಎಸ್ಪೆರಾಂಟೊ ಎಂಬ ಭಾಷೆಯಲ್ಲಿ ಹಾಲೆಂಡಿಗೂ ಜಪಾನಿಗೂ ಕಾಗದ ಬರೆಯುತ್ತಾನಂತೆ, ಭಾನುವಾರದ ಪುರವಣಿಗೆ ಎರಡು ಕಾಲಂ ನಗುನಗುತ್ತಾ ಬರೆದುಕೊಂಡು ಬಾ ಎಂದು ಸಂಪಾದಕರು ಕಳಿಸಿದರು. ನಾನೂ ಹಗುರವಾಗಿಯೇ ರೈಲು ಹತ್ತಿದೆ. ಬೌರಿಂಗ್‌ಪೇಟೆಯಲ್ಲಿ, ಅಂದರೆ ಇಲ್ಲಿಯವರ ಬಾಯಲ್ಲಿ ಬಂಗಾರಪೇಟೆಯಲ್ಲಿ, ಮಾರಿಕುಪ್ಪಂ ಗಾಡಿಗೆ ಬದಲಾಯಿಸುವಾಗ ಒಂದು ತಮಾಷೆಯ ಶೀರ್ಷಿಕೆಯನ್ನೂ ಯೋಚಿಸಿಟ್ಟಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಗಣಿಯ ಹೆಸರು ಬರೆಯಬೇಡಿ ಎಂದು ಬಚ್ಚಪ್ಪ ಕೈಮುಗಿದಿದ್ದಾರೆ. ಕೋರಮಂಡಲ್‌ಗೂ ನಂದಿದುರ್ಗ ಗಣಿಗೂ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ನಿಮ್ಮ ಹೆಸರನ್ನಾದರೂ ಹಾಕಬಹುದೇ ಎಂದು ಕೇಳಿದ್ದಕ್ಕೆ, "ಸೋಮಾರ ಕಳೀಲಿ ಸಾಮಿ, ಆಮೇಲೆ ಏಳ್ತೀನಿ" ಎಂದರು.

ಇವರಿಗೆ ಈಗ ನಲವತ್ತಾರು. ಹುಟ್ಟಿದ್ದು ಬಂಗಾರಪೇಟೆಯ ಆಚೆ ಒಂದು ಸಣ್ಣ ಹಳ್ಳಿಯಲ್ಲಿ. ತಂದೆ ಪ್ಲೇಗಿನಲ್ಲಿ ತೀರಿಹೋದ ವರ್ಷ, ಸಾವಿರದ ಒಂಬೈನೂರ ಏಳರಲ್ಲಿ, ತಾಯಿ ಮುನಿಶಾಮಮ್ಮ ಹದಿನೈದರ ಮಗನನ್ನು ಕರೆದುಕೊಂಡು ಗಣಿಗೆ ಬಂದರು. ಲೈನಿನಲ್ಲಿ ಕೊಡುವುದು ಖಾಲಿ ಗೂಡು, ಒಲೆ ಇರುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಆ ತಾಯಿ ಮನೆಯ ಮೂರು ಒಲೆಗುಂಡುಗಳನ್ನು ಕಿತ್ತು ಮಂಕರಿಗೆ ತುಂಬಿಕೊಂಡರು. ರೈಲಿನವರು ಕಲ್ಲು ಹತ್ತಿಸಲು ಬಿಡುವುದಿಲ್ಲ ಎಂಬ ಭಯಕ್ಕೆ ಹಳಿಯ ಪಕ್ಕದಲ್ಲೇ ನಡೆದು ಬಂದರು. ಮಗ ಹಾಸಿಗೆ ಪಾತ್ರೆ ಹೊತ್ತರೆ ತಾಯಿ ತಲೆಯ ಮೇಲೆ ಕಲ್ಲು ಹೊತ್ತರು.

"ದಾರೀಲಿ ಮೂರು ಕಡೆ ಕುಂತ್ಕೊಂಡ್ಲು. ಕೊಡವ್ವ ನಾನು ಒತ್ಕೋತೀನಿ ಅಂದ್ರೆ ಕೊಡ್ಲಿಲ್ಲ. ಒಲೆ ಎಂಗಸ್ರು ತಲೆ ಮೇಲೇ ಬರಬೇಕಂತೆ" ಎನ್ನುತ್ತಾರೆ ಬಚ್ಚಪ್ಪ.

ಕುಲುಮೆಯ ಕೆಲಸ ಕಲಿಸಿದ್ದು ವಯಸ್ಸಾದ ತಮಿಳು ಮೇಸ್ತ್ರಿ. ಮೊದಲ ಆರು ವರ್ಷ ತಿದಿ, ಆಮೇಲೆ ಸುತ್ತಿಗೆ. ಈಗ ಸಲಾಕೆ ಚೂಪು ಮಾಡುವ ಯಂತ್ರಗಳು ಬಂದಿವೆ. ಆದರೂ ಇಕ್ಕಟ್ಟಿನಲ್ಲಿ ಕೈಯಿಂದ ಬಂಡೆ ಕೊರೆಯುವವರ ಸಲಾಕೆಗಳು ಬಚ್ಚಪ್ಪನವರ ಕುಲುಮೆಗೇ ಬರುತ್ತವೆ. ಒಂದು ಪಾಳಿಗೆ ಇನ್ನೂರ ಅರವತ್ತು. ಪ್ರತಿಯೊಂದಕ್ಕೂ ಹತ್ತು ಏಟೆಂದು ಹಿಡಿದರೆ ದಿನಕ್ಕೆ ಎರಡು ಸಾವಿರದ ಆರುನೂರು ಏಟು. ಸಾವಿರಾರು ಅಡಿ ಕೆಳಗೆ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೊರೆಯುವವನಿಗೆ ಈ ಸಲಾಕೆಯನ್ನು ಹದ ಮಾಡಿದವನು ಯಾರೆಂದು ಗೊತ್ತಿರುವುದಿಲ್ಲ. ಮುರಿದರೆ ಮಾತ್ರ ಅವನಿಗೆ ಕಮ್ಮಾರನ ನೆನಪಾಗುತ್ತದೆ.

ಇಂಥವರಿಗೆ ಎಸ್ಪೆರಾಂಟೊ ಎಲ್ಲಿಂದ ಬಂತು? ಅದಕ್ಕೆ ಕಾರಣ ಕೋದಂಡಪ್ಪ ಮೇಷ್ಟ್ರು. ಈಗ ನಿವೃತ್ತರಾಗಿ ಬಂಗಾರಪೇಟೆಯಲ್ಲಿದ್ದಾರೆ, ನಾನು ಉಳಿದುಕೊಂಡದ್ದೂ ಅವರ ಮನೆಯಲ್ಲೇ. ಹನ್ನೊಂದು ವರ್ಷದ ಹಿಂದೆ ಅವರು ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯೊಂದರಲ್ಲಿ ಹಳೆಯ ಪುಸ್ತಕ ಕೆದಕುತ್ತಿದ್ದಾಗ ತೆಳ್ಳನೆಯ ಹಸಿರು ರಟ್ಟಿನ ಪುಸ್ತಕವೊಂದು ಸಿಕ್ಕಿತು. ಪೋಲೆಂಡಿನ ಒಬ್ಬ ಕಣ್ಣಿನ ಡಾಕ್ಟರು ಐವತ್ತು ವರ್ಷದ ಹಿಂದೆ ಕಟ್ಟಿದ ಭಾಷೆ, ಯಾವ ದೇಶದ್ದೂ ಅಲ್ಲ, ಎಲ್ಲರೂ ಕಲಿತೇ ಆಡಬೇಕು. ಓದಿದ ಮೇಷ್ಟ್ರಿಗೆ ಹಲವು ಭಾಷೆಯ ಜನ ತುಂಬಿದ ಗಣಿಯ ಲೈನುಗಳು ಕಣ್ಣಮುಂದೆ ಬಂದವು. ಬಚ್ಚಪ್ಪನವರ ಮನೆಯ ಜಗುಲಿಯ ಮೇಲೆ ಹದಿನಾಲ್ಕು ಜನರನ್ನು ಕೂಡಿಸಿ ಪಾಠ ಶುರು ಮಾಡಿದರು. ವರ್ಷದೊಳಗೆ ಎಂಟು ಜನ ಕೈಬಿಟ್ಟರು. ಉಳಿದ ಆರು ಜನ ಇವತ್ತಿಗೂ ಇದ್ದಾರೆ, ಅಥವಾ ಹೋದ ಸೋಮವಾರದವರೆಗೆ ಇದ್ದರು.

ನಿಮಗೇಕೆ ಇದು ರುಚಿಸಿತು ಎಂದು ಬಚ್ಚಪ್ಪನವರನ್ನು ಕೇಳಿದೆ. ಸಲಾಕೆ ಕಾಯಲು ಬಿಟ್ಟು ಯೋಚಿಸಿ ಹೇಳಿದರು: "ಕುಲುಮೇಲಿ ತಮಿಳು, ಸಂತೇಲಿ ತೆಲುಗು, ಸಾಯೇಬ್ರ ಅತ್ರ ಇಂಗ್ಲಿಸು. ಒಂದೊಂದು ಕಡೆ ಒಬ್ಬೊಬ್ರು ಯಜಮಾನ್ರು, ನಾವು ಬಾಗ್ಲಲ್ಲಿ ನಿಂತ್ಕೊಂಡೋರು. ಈ ಬಾಸೇಲಿ ಯಾರೂ ಯಜಮಾನ್ರಿಲ್ಲ ಸಾಮಿ. ಎಲ್ರೂ ನೆಂಟ್ರೇ."

ನೀರಿನ ತೊಟ್ಟಿಯ ಮರದ ಅಂಚಿನ ಮೇಲೆ ಸೀಮೆಸುಣ್ಣದಲ್ಲಿ ಐದು ಪದ ಬರೆದಿರುತ್ತದೆ. ದಿನಕ್ಕೆ ಐದು. ಪಾಳಿ ಮುಗಿಯುವಷ್ಟರಲ್ಲಿ ನೀರು ಚಿಮ್ಮಿ ಅಳಿಸಿರಬೇಕು, ಪದ ತಲೆಯೊಳಗೆ ಇಳಿದಿರಬೇಕು. ಹೀಗೆ ಕಲಿತವರು ಇಂದು ಎಸ್ಪೆರಾಂಟೊ ಸಂಘದ ಕಾರ್ಯದರ್ಶಿ. ಹನ್ನೊಂದು ವರ್ಷದಲ್ಲಿ ಹೊರದೇಶಗಳಿಂದ ಬಂದ ನೂರ ನಲವತ್ತಮೂರು ಕಾಗದಗಳು ಇವರ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಬಂದ ಪ್ರತಿ ಕಾಗದಕ್ಕೂ ಉತ್ತರ ಹೋಗಿದೆ.

ಈ ಸಲದ ಕಾಗದ ಹಾಲೆಂಡಿನ ಒಂದು ಊರಿನ ಶಾಲೆಯಿಂದ ಬಂದದ್ದು. ಅಲ್ಲಿಯ ಶಿಕ್ಷಕಿ ಮಕ್ಕಳಿಗಾಗಿ ಒಂದು ಕಪಾಟು ಮಾಡುತ್ತಿದ್ದಾರೆ. ಲೋಕದ ಬೇರೆ ಬೇರೆ ಊರುಗಳ ಗೆಳೆಯರು ತಮ್ಮ ಊರಿನ ಒಂದೊಂದು ಕಲ್ಲನ್ನು, ಅದರ ಕತೆಯನ್ನು ಎರಡು ಸಾಲಿನಲ್ಲಿ ಬರೆದು ಕಳಿಸಬೇಕು ಎಂದು ಕೇಳಿದ್ದರು. ಸಂಘದಲ್ಲಿ ಸಂಭ್ರಮವೋ ಸಂಭ್ರಮ. ಒಬ್ಬರು ಕೆರೆ ಏರಿಯ ಕಲ್ಲು ತಂದರು, ಒಬ್ಬರು ದೇವಸ್ಥಾನದ ಹಿಂದಿನ ಬಂಡೆಯ ಚಕ್ಕೆ ತಂದರು. ಬಚ್ಚಪ್ಪ ಮನೆಯ ಒಲೆಗುಂಡಿನ ಒಂದು ಮೂಲೆಯನ್ನು ಸುತ್ತಿಗೆಯಿಂದ ಹೊಡೆದರು. ಕಾಗದದಲ್ಲಿ ಹೀಗೆ ಬರೆದರು: ಇದು ನಮ್ಮ ಅಡಿಗೆಮನೆಯ ಕಲ್ಲು. ಮೂವತ್ತೊಂದು ವರ್ಷ ನಮ್ಮ ಮುದ್ದೆಯ ಮಡಕೆಯನ್ನು ಹೊತ್ತಿದೆ.

ಆರು ಕಲ್ಲು, ಆರು ಚೀಟಿ, ಒಂದು ಡಬ್ಬಿ. ಹೋದ ಸೋಮವಾರ ಬಚ್ಚಪ್ಪ ಅಂಚೆ ಕಚೇರಿಯ ಕಿಟಕಿಗೆ ಹೋದರು. ಏನಿದೆ ಎಂದು ಗುಮಾಸ್ತರು ಕೇಳಿದರು. "ಕಲ್ಲು ಸಾಮಿ, ಆರೈತೆ. ಪರದೇಸಕ್ಕೆ" ಎಂದರು ಬಚ್ಚಪ್ಪ.

ಚಿನ್ನದ ಗಣಿಯ ಕೆಲಸಗಾರ, ಚಿನ್ನದ ಗಣಿಯ ಅಂಚೆಯಲ್ಲಿ, ಪರದೇಶಕ್ಕೆ ಕಲ್ಲು ಕಳಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿದರೆ ಏನಾಗಬೇಕೋ ಅದೇ ಆಯಿತು. ಪಾಳಿ ಮುಗಿಸಿ ಗೇಟು ದಾಟುವಾಗ ಬಾಯಿ ತೆರೆಸಿ, ಕೂದಲು ಕೆದರಿ, ಚಪ್ಪಲಿ ಬಿಚ್ಚಿಸಿ ನೋಡುವ ಸೀಮೆ ಇದು. ಚಿನ್ನದ ಅಂಶವಿರುವ ಕಲ್ಲು ಪರವಾನಗಿಯಿಲ್ಲದೆ ಕೈಯಲ್ಲಿದ್ದರೆ ಅದೇ ಅಪರಾಧ. ಎಲ್ಲಿಂದ ಬಂತು ಎಂಬುದು ಆಮೇಲಿನ ಮಾತು. ಗಣಿಯ ಕಾವಲಿನವರು ಬಂದು ಡಬ್ಬಿ ಬಿಚ್ಚಿದರು. ಐದು ಕಲ್ಲುಗಳನ್ನು ಕಣ್ಣಲ್ಲೇ ನೋಡಿ ಬಿಟ್ಟರು. ಆರನೆಯದು ಬಿಳಿ ಬೆಣಚುಕಲ್ಲು. ಹೊಗೆ ಹಿಡಿದ ಮೈಯಾದರೂ ಒಡೆದ ಕಡೆ ಮಿನುಗುತ್ತಿತ್ತು.

"ಇದ್ಯಾರ್ದು ಅಂದ್ರು, ನಂದು ಅಂದೆ. ಇನ್ನ್ಯಾರ್ ಸೇರವ್ರೆ ಅಂದ್ರು. ಯಾರೂ ಇಲ್ಲ, ಕಲ್ಲು ನಂದು ಒಲೆ ನಂದು ಅಂದೆ."

ಮೂವತ್ತೊಂದು ವರ್ಷ ಗೇಟಿನಲ್ಲಿ ಬಾಯಿ ತೆರೆದು ತೋರಿಸಿದ ಮನುಷ್ಯನಿಗೆ ಇದು ಹೊಳೆಯಲಿಲ್ಲವೇ? ನಾನು ಸ್ವಲ್ಪ ಒರಟಾಗಿಯೇ ಕೇಳಿದೆ. ಬಚ್ಚಪ್ಪ ತಲೆ ತಗ್ಗಿಸಿದರು. "ಗಣಿ ಕಲ್ಲು ಮುಟ್ಟಬಾರ್ದು ಅಂತ ಗೊತ್ತು ಸಾಮಿ. ನೆಲದ ಮೇಲೆ ಬಿದ್ದಿದ್ರೂ ದಾಟ್ಕೊಂಡೋಯ್ತೀನಿ. ಆದ್ರೆ ಇದು ಒಲೆ. ಒಲೇನ ಯಾರಾದ್ರೂ ಕಲ್ಲು ಅಂತಾರಾ?"

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಸಭೆ. ಜಗುಲಿಯ ಮೇಲೆ ಚಾಪೆ ಹಾಸಿದೆ, ಪಕ್ಕದಲ್ಲಿ ಒಂದು ಖಾಲಿ ಬಿಂದಿಗೆ. ಇದು ಸಂಘದ ಹಳೆಯ ಪದ್ಧತಿ. ಸಭೆಯ ನಡುವೆ ಯಾರ ಬಾಯಿಂದ ತಮ್ಮ ಮನೆಮಾತು ಜಾರುತ್ತದೋ ಅವರು ಎದ್ದು ಹೋಗಿ ಬೀದಿ ನಲ್ಲಿಯ ಸಾಲಿನಲ್ಲಿ ನಿಂತು ಬಿಂದಿಗೆ ತುಂಬಿಸಿಕೊಂಡು ಬರಬೇಕು. ಬೇತಮಂಗಲದಿಂದ ಬರುವ ನೀರಿಗೆ ಇಲ್ಲಿ ಸದಾ ಸಾಲು. ಹಾಗಾಗಿ ಎಲ್ಲರೂ ಬಾಯಿ ಬಿಗಿಹಿಡಿದು ಎಸ್ಪೆರಾಂಟೊದಲ್ಲೇ ಮಾತಾಡುತ್ತಾರಂತೆ.

ಬಂದವರು ಮೂವರೇ. ಬಂಗಾರಪೇಟೆಯಿಂದ ನನ್ನ ಜೊತೆ ಮೇಷ್ಟ್ರು ಬಂದರು. ಗಣಿ ಆಸ್ಪತ್ರೆಯಲ್ಲಿ ಆಯಾ ಆಗಿರುವ, ತಮಿಳು ಮನೆಮಾತಿನ ಮಾರಿಯಮ್ಮ ಬಂದರು. ಇಂಜಿನ್ ಮನೆಯಲ್ಲಿ ಎಣ್ಣೆ ಬಿಡುವ ತೆಲುಗಿನ ಆಂಜಿನಪ್ಪ ಬಂದರೂ ಚಾಪೆಯ ಮೇಲೆ ಕೂರದೆ ಕಂಬಕ್ಕೆ ಆತುಕೊಂಡು ನಿಂತರು. ಉಳಿದ ಮೂವರಲ್ಲಿ ಒಬ್ಬರು ಎದುರು ಸಾಲಿನ ಮನೆಯವರೇ. ನಾವು ಬಂದದ್ದು ಕಂಡು ಕದ ಮುಂದಕ್ಕೆ ಹಾಕಿಕೊಂಡರು. ಬಚ್ಚಪ್ಪ ಅತ್ತ ನೋಡಲಿಲ್ಲ.

"ಸಲೂತೊನ್" ಎಂದು ಮೇಷ್ಟ್ರು ವಂದನೆ ಹೇಳಿ ಶುರು ಮಾಡಿದರು. ಅದೊಂದೇ ಪದ. ಆಂಜಿನಪ್ಪ "ಏಮವುತುಂದೋ ಏಮೋ" ಎಂದರು ತೆಲುಗಿನಲ್ಲಿ. ಏನಾಗುವುದೋ ಏನೋ. ಆಮೇಲೆ ಕನ್ನಡದಲ್ಲಿ, "ನನ್ನೆಸ್ರೂ ಕಾಗ್ದದಲ್ಲೈತಲ್ಲ ಬಚ್ಚಪ್ಪಣ್ಣ. ಮನೇಲಿ ಮೂರು ದಿನದಿಂದ ಒಲೆ ಅಚ್ಚಿಲ್ಲ, ಎಂಡ್ತಿ ಅಳ್ತಾ ಕುಂತವ್ಳೆ" ಎಂದರು.

"ನಿನ್ನೆಸ್ರು ಬರಲ್ಲ. ನಂದು ಅಂತ ಬರ್ಕೊಟ್ಟಿವ್ನಿ. ನೀನು ಓಗು, ಮನೇಲಿ ಇರು" ಎಂದರು ಬಚ್ಚಪ್ಪ. ಆಂಜಿನಪ್ಪ ಹೋಗಲಿಲ್ಲ. ಕೂರಲೂ ಇಲ್ಲ.

"ಆ ಸಾಯೇಬ್ರಿಗೆ ನಾ ಬಂದು ಸೊಲ್ಲಲಾ ಅಣ್ಣಾ?" ಎಂದರು ಮಾರಿಯಮ್ಮ ಅರ್ಧ ತಮಿಳಿನಲ್ಲಿ. "ನಿಮ್ಮವ್ವ ಇದ್ದಾಗ ಆ ಒಲೆ ಮುಂದೆ ಎಷ್ಟು ಸಲ ಕಾಪಿ ಕುಡ್ದಿಲ್ಲ ನಾನು? ನಾನು ಸಾಕ್ಷಿ."

ಅಷ್ಟರಲ್ಲಿ ನೆಲದಡಿ ಗುಡುಗಿತು. ಒಳಗೆ ಪಾತ್ರೆಗಳು ಗಲಗಲ ಅಂದವು. ಕೆಳಗೆಲ್ಲೋ ಬಂಡೆ ಸಿಡಿದಿದೆ. ಇಲ್ಲಿಯವರಿಗೆ ಇದು ವಾರಕ್ಕೊಮ್ಮೆ ಆಗುವಂಥದು, ಆದರೂ ಪ್ರತಿ ಸಲವೂ ಇಡೀ ಲೈನು ಉಸಿರು ಹಿಡಿದು ಅಪಘಾತದ ಸೈರನ್ನಿಗೆ ಕಾಯುತ್ತದೆ. ಸೈರನ್ ಕೂಗಲಿಲ್ಲ. ಎಲ್ಲರೂ ಉಸಿರು ಬಿಟ್ಟರು. ಬಚ್ಚಪ್ಪ ಮಾತ್ರ ಗೋಡೆಯ ಮೇಲಿನ ಬಿರುಕನ್ನೇ ನೋಡುತ್ತಾ ಕುಳಿತಿದ್ದರು. ಈ ಗೋಡೆಯೂ ಇನ್ನು ತನ್ನದಲ್ಲ ಎಂದು ಆಗಲೇ ಅಂದುಕೊಂಡಂತಿತ್ತು ಆ ನೋಟ.

ಅರ್ಧ ಗಂಟೆಯಲ್ಲಿ ಮೂರು ಭಾಷೆ ಆಡಿಯಾಗಿತ್ತು, ನೀರು ತರಲು ಯಾರೂ ಎದ್ದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಇದು ಮೊದಲು ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು. ಕೊನೆಗೆ ಮಾರಿಯಮ್ಮನೇ ಬಿಂದಿಗೆ ಎತ್ತಿಕೊಂಡು, "ಆಕ್ವೊ" ಎಂದು ನೀರಿಗೆ ಎಸ್ಪೆರಾಂಟೊದಲ್ಲಿ ಹೇಳುವ ಪದವನ್ನು ಹೇಳಿ, ನಲ್ಲಿಯ ಕಡೆ ನಡೆದರು.

ಒಳಗೆ ಬಚ್ಚಪ್ಪನವರ ಹೆಂಡತಿ ನರಸಮ್ಮ ಅಡಿಗೆಗೆ ಕುಳಿತಿದ್ದರು. ಮೂರು ಗುಂಡುಗಳಲ್ಲಿ ಬಲಗಡೆಯದರ ಮೂಲೆ ಹಾರಿದೆ. ಹೊಗೆಗೆ ಕಪ್ಪಾದ ಕಲ್ಲಿನಲ್ಲಿ ಆ ಒಡೆದ ಜಾಗ ಮಾತ್ರ ಬೆಳ್ಳಗೆ ಕಣ್ಣಿಗೆ ಹೊಡೆಯುತ್ತದೆ. ನರಸಮ್ಮನಿಗೆ ಗಂಡನ ಮೇಲೆ ಸಿಟ್ಟಿತ್ತು, ಅದನ್ನು ಅಡಗಿಸುವ ಗೋಜಿಗೂ ಹೋಗಲಿಲ್ಲ.

"ಅತ್ತೆ ತಲೆ ಮೇಲೆ ಒತ್ಕೊಂಡ್ ಬಂದಿದ್ ಕಲ್ಲು. ಒಲೆಗುಂಡು ಒಡೆದ್ರೆ ಮನೆ ಉಳೀತದಾ? ಒಂದು ಮಾತು ಕೇಳ್ಲಿಲ್ಲ ನನ್ನ. ತಿಪ್ಪೇಲಿ ಊತಾಕಿಬಿಡಾನ ಅಂದ್ರೆ ಅದಕ್ಕೂ ಒಪ್ಪಲ್ಲ."

ಕಲ್ಲು ಮುಚ್ಚಿಟ್ಟರೆ ಕಳ್ಳತನ ಒಪ್ಪಿಕೊಂಡಂತೆ ಎನ್ನುವುದು ಬಚ್ಚಪ್ಪನವರ ವಾದ. ನರಸಮ್ಮ ಒಡೆದ ಮುಖವನ್ನು ಗೋಡೆಗೆ ತಿರುಗಿಸಿ ಇಡುತ್ತಾರೆ. ಇವರು ಪಾಳಿಯಿಂದ ಬಂದು ಹೊರಗೆ ಕಾಣುವಂತೆ ತಿರುಗಿಸುತ್ತಾರೆ. ಐದು ದಿನದಿಂದ ಇದೇ ನಡೆದಿದೆ, ಮಾತಿಲ್ಲದೆ.

ಆ ಕಲ್ಲಿನಲ್ಲಿ ಚಿನ್ನ ಇಲ್ಲವೆಂದು ನಿಮಗೆ ನಂಬಿಕೆ ಇದೆಯಲ್ಲ ಎಂದು ನಾನು ಬಚ್ಚಪ್ಪನವರನ್ನು ಕೇಳಿದೆ. ಧೈರ್ಯ ಹೇಳಲು ಕೇಳಿದ ಮಾತು ಅದು. ಅವರು ಒಲೆಯ ಕಡೆ ನೋಡಿದರು. "ಬಂಗಾರದ ಸೀಮೆ ಸಾಮಿ. ನಮ್ಮಪ್ಪ ಬಾವಿ ತೋಡ್ದಾಗ ಸಿಕ್ಕಿದ್ ಕಲ್ಲದು. ಅದರೊಳಗೆ ಏನೈತೋ ಯಾರು ಕಂಡೋರು? ಇಷ್ಟು ವರ್ಸ ಬಡವರಾಗಿ ಇದ್ದಿದ್ದೇ ಸುಳ್ಳು, ಬಂಗಾರದ ಮೇಲೆ ಮುದ್ದೆ ಬೇಯಿಸ್ತಿದ್ವಿ ಅಂತ ಆಗ್ಬಿಟ್ರೆ?"

ಸೋಮವಾರ ಒಂಬತ್ತೂವರೆಗೇ ಮೇಷ್ಟ್ರೂ ಸೇರಿ ನಾವು ಮೂವರು ಅಸ್ಸೇ ಆಫೀಸಿನ ಹೊರಗೆ ನಿಂತಿದ್ದೆವು. ಬಚ್ಚಪ್ಪ ಒಗೆದ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತಿ ಬಂದಿದ್ದರು. ಒಳಕ್ಕೆ ಅವರೊಬ್ಬರನ್ನೇ ಕರೆದರು. ಹತ್ತು ಹೊಡೆಯಿತು, ಹತ್ತೂಕಾಲಾಯಿತು. ಸಿಪಾಯಿಯೊಬ್ಬ ಹೊರಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಒಳಗೆ ಹೋದ. ಮೇಷ್ಟ್ರು ಛತ್ರಿಯ ಹಿಡಿಯನ್ನು ತಿರುಗಿಸುತ್ತಲೇ ಇದ್ದರು. "ಆ ಪುಸ್ತಕ ಅಂಗಡಿಯಲ್ಲೇ ಬಿಟ್ಟು ಬರಬೇಕಿತ್ತು ನಾನು" ಎಂದರು ಒಮ್ಮೆ.

ಹತ್ತೂ ನಲವತ್ತಕ್ಕೆ ಬಚ್ಚಪ್ಪ ಹೊರಗೆ ಬಂದರು. ಕಂಕುಳಲ್ಲಿ ಡಬ್ಬಿ. ಮುಖದಲ್ಲಿ ಏನೂ ಕಾಣಲಿಲ್ಲ. ಗೇಟು ದಾಟಿ ಹತ್ತು ಹೆಜ್ಜೆ ಬಂದ ಮೇಲೆ ಮೆಲ್ಲಗೆ ಹೇಳಿದರು: "ಇಲ್ವಂತೆ. ಚೂರೂ ಇಲ್ವಂತೆ. ಬರೀ ಕಲ್ಲಂತೆ."

ಮೇಷ್ಟ್ರು ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಬಚ್ಚಪ್ಪ ಡಬ್ಬಿ ತೆರೆದು ತೋರಿಸಿದರು. ಐದು ಕಲ್ಲುಗಳಿದ್ದವು. ಆರನೆಯ ಚೀಟಿಯೊಂದಿಗೆ ಕಲ್ಲಿರಲಿಲ್ಲ. ಒಲೆಗುಂಡಿನ ಚೂರನ್ನು ಪರೀಕ್ಷೆಗೆಂದು ಪುಡಿ ಮಾಡಿ ಕಾಸಿ ಮುಗಿಸಿದ್ದಾರೆ. ಇನ್ನು ಮೇಲೆ ಎಚ್ಚರಿಕೆಯಿಂದಿರು, ಐದು ಕಲ್ಲು ಬೇಕಾದರೆ ಕಳಿಸಿಕೋ ಎಂದರಂತೆ ಸಾಹೇಬರು. ಚೂಪು ಮಾಡಿದ ಸಲಾಕೆಗಳು ಎರಡು ಹಾಳಾಗಿವೆಯಂತಲ್ಲ ಎಂದೂ ಕೇಳಿದರಂತೆ. ಕುಲುಮೆಯ ಸುದ್ದಿ ಅಲ್ಲಿಯವರೆಗೂ ಹೋಗಿತ್ತು.

ಬಚ್ಚಪ್ಪ ಡಬ್ಬಿ ಮುಚ್ಚಿ ಮನೆಯ ದಾರಿ ಹಿಡಿದರು. ಬಿಡುಗಡೆಯಾಯಿತಲ್ಲ ಎಂದು ನಾನು ಅಂದಾಗ, "ಆಯ್ತು ಸಾಮಿ. ನಮ್ಮ ಚೀಟಿ ಮಾತ್ರ ಕಲ್ಲಿಲ್ದೆ ಓಗ್ತದೆ" ಎಂದರು. ಇನ್ನೊಂದು ಮೂಲೆ ಹೊಡೆಯಿರಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಆ ಮನೆಯಲ್ಲಿ ಅದನ್ನು ಹೇಳಬಲ್ಲವರು ಒಬ್ಬರೇ.

ಸುದ್ದಿ ನಮಗಿಂತ ಮುಂಚೆ ಲೈನು ತಲುಪಿತ್ತು. ಎದುರು ಮನೆಯ ಕದ ತೆರೆದಿತ್ತು. ನರಸಮ್ಮ ಜಗುಲಿಯ ಮೇಲೆ ಕುಳಿತಿದ್ದರು. ಅವರ ಮುಂದೆ ಬಲಗಡೆಯ ಒಲೆಗುಂಡು ಇತ್ತು, ತೊಳೆದು ಒರೆಸಿದ್ದು. ಪಕ್ಕದಲ್ಲಿ ಸುತ್ತಿಗೆ. ಒಳಗೆ ಮಡಕೆ ಎರಡು ಗುಂಡು ಮತ್ತು ಒಂದು ಇಟ್ಟಿಗೆಯ ಮೇಲೆ ಕುದಿಯುತ್ತಿತ್ತು.

"ಒಡ್ಕೊ" ಎಂದರು ನರಸಮ್ಮ ಗಂಡನ ಮುಖ ನೋಡದೆ. "ಐದು ಕಲ್ಲು ಓದ್ರೆ, ಬಚ್ಚಪ್ಪನ ಮನೇದು ಎಲ್ಲಿ ಅಂತ ಆ ಮಕ್ಳು ಕೇಳಲ್ವಾ? ಸಣ್ಣದಾಗಿ ಒಡಿ. ಮಡಕೆ ಕೂರಬೇಕು."

ದಿನಕ್ಕೆ ಎರಡು ಸಾವಿರದ ಆರುನೂರು ಏಟು ಹಾಕುವ ಕೈ ಅದು. ಆದರೂ ಬಚ್ಚಪ್ಪ ಸುತ್ತಿಗೆಯನ್ನು ಎರಡು ಸಲ ಎತ್ತಿ ಇಳಿಸಿದರು. ಮೂರನೆಯ ಸಲ ಹೊಡೆದರು. ಹೆಬ್ಬೆರಳಿನಷ್ಟು ಚೂರು ಹಾರಿ ಚಾಪೆಯ ಮೇಲೆ ಬಿತ್ತು. ಅದನ್ನು ಎತ್ತಿ ಹಳೆಯ ಚೀಟಿಯಲ್ಲೇ ಸುತ್ತಿ ಡಬ್ಬಿಯಲ್ಲಿಟ್ಟರು. ನಾಳೆ ಅದೇ ಕಿಟಕಿಗೆ, ಅದೇ ಗುಮಾಸ್ತರ ಮುಂದೆ ಮತ್ತೆ ಹೋಗಬೇಕು. ಚಿನ್ನವಿಲ್ಲವೆಂದು ಕಚೇರಿಯವರು ಬರೆದುಕೊಟ್ಟ ಕಾಗದವನ್ನು ಡಬ್ಬಿಯ ಮೇಲಿಟ್ಟು ದಾರದಲ್ಲಿ ಕಟ್ಟುವಾಗ ಗಂಟು ಹಾಕಲು ನರಸಮ್ಮ ಬೆರಳೊತ್ತಿ ಹಿಡಿದರು.

ನನ್ನ ಗಾಡಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುವಾಗ ಪತ್ರಿಕೆಯಲ್ಲಿ ಹೆಸರು ಹಾಕುವ ವಿಷಯ ಮತ್ತೆ ಕೇಳಿದೆ. ಬಚ್ಚಪ್ಪ ಒಲೆಗುಂಡನ್ನು ಎತ್ತಿಕೊಂಡು ಒಳಗೆ ಹೊರಟಿದ್ದವರು ಹೊಸಿಲಲ್ಲಿ ನಿಂತರು.

"ಆಕಿ ಸಾಮಿ. ನಮ್ಮವ್ವನ ಎಸ್ರೂ ಆಕಿ, ಮುನಿಶಾಮಮ್ಮ ಅಂತ. ಕಲ್ಲು ಒತ್ಕೊಂಡ್ ಬಂದಿದ್ದು ಆಯಮ್ಮ."